ಆ ಮನೆಯಲ್ಲಿ ಅವ್ವ ಅಂದರೆ

ಮೊಳಕಾಲ್ಮೂರಿನ ಮನೆಗೆ ಸೊಸೆಯಾಗಿ ಹೋದ ಮೊದಲ ವಾರದಲ್ಲೇ ನಾನು ಬೀದಿಗೆಲ್ಲ ನಗೆಪಾಟಲಾದೆ. ನಾನು ಮಾಡಿದ್ದು ಇಷ್ಟೇ: ನನಗೆ ಎಲ್ಲ ಅರ್ಥವಾಗುತ್ತದೆ ಎಂದು ತಿಳಿದುಕೊಂಡಿದ್ದು. ಚಳ್ಳಕೆರೆಯಿಂದ ಅಲ್ಲಿಗೆ ತಳಕಿನ ಮೇಲೆ ಹೋಗುವ ಒಂದೇ ಬಸ್ಸು. ಊಟ ಮುಗಿಸಿ ಹತ್ತಿದರೆ ಸಂಜೆಯ ಕಾಫಿಗೆ ಮುಂಚೆ ಇಳಿಯಬಹುದು. ಅಷ್ಟು ಹತ್ತಿರದಲ್ಲಿ ಮಾತು ಎಷ್ಟು ಬದಲಾದೀತು? ಎರಡೂ ಮನೆಯವರ ಕುಲ ಒಂದೇ, ದೇವರು ಒಂದೇ, ರೊಟ್ಟಿಯ ಜೊತೆಗೆ ಹಾಕಿಕೊಳ್ಳುವ ಶೇಂಗಾ ಪುಡಿಯೂ ಒಂದೇ. ಮನೆಮಾತು ಮಾತ್ರ ಬೇರೆ. ನಮ್ಮದು ಕನ್ನಡ, ಅವರದು ತೆಲುಗು. "ಬೀದಿಗೆ ಬಂದ್ರೆ ಅವರೂ ಕನ್ನಡಾನೇ ಆಡ್ತಾರೆ, ಏನಾಗಲ್ಲ ಬಿಡು" ಎಂದು ನಮ್ಮವ್ವ ಧೈರ್ಯ ಹೇಳಿ ಕಳಿಸಿದ್ದಳು. ಬೀದಿಯಲ್ಲಿ ಯಾರು ಸಂಸಾರ ಮಾಡುತ್ತಾರೆ?

ನನಗೆ ನನ್ನ ಮೇಲೆ ಭರವಸೆ ಇತ್ತು. ಚಳ್ಳಕೆರೆಯಲ್ಲಿ ನಮ್ಮ ಗೋಡೆಗೆ ಗೋಡೆ ಅಂಟಿಕೊಂಡಂತೆ ಲಾರಿ ಮೆಕ್ಯಾನಿಕ್ ಒಬ್ಬರ ಮನೆ, ಉರ್ದು ಮಾತಾಡುವವರು. ಅವರ ಹೆಂಡತಿ ಒಂದು ದಿನ ಒಲೆಯ ಮುಂದೆ "ಸಾಲನ್ ಖಾರಾ ಹೋಗ್ಯಾ" ಎಂದು ಗೋಳಾಡುವುದು ಕೇಳಿ ಸಣ್ಣವಳಾಗಿದ್ದ ನಾನು ಓಡಿಹೋಗಿ ಒಂದು ಚೊಂಬು ಮಜ್ಜಿಗೆ ತಂದುಕೊಟ್ಟಿದ್ದೆ, ನಾಲಿಗೆಯ ಉರಿ ಆರಲಿ ಎಂದು. ಅವರಲ್ಲಿ ಸಾಲನ್ ಎಂದರೆ ಸಾರು, ಖಾರಾ ಎಂದರೆ ಉಪ್ಪು ಜಾಸ್ತಿಯಾಗಿರುವುದು. ಆಕೆ ನಗಲಿಲ್ಲ. ಮಜ್ಜಿಗೆಯನ್ನು ಕುಡಿದು, ಚೊಂಬು ತೊಳೆದು, ಅದರೊಳಗೆ ಒಂದು ಹಿಡಿ ಖರ್ಜೂರ ಹಾಕಿ ಕಳಿಸಿದರು. ಕಿವಿಗೆ ಒಂದೇ ತರ ಕೇಳಿಸುವ ಪದಗಳನ್ನು ನಂಬಬಾರದು ಎಂಬ ಪಾಠ ನನಗೆ ಅವತ್ತೇ ಆಗಿಹೋಗಿದೆ ಎಂದು ತಿಳಿದಿದ್ದೆ. ಸಾಲದ್ದಕ್ಕೆ ನಾನು ಟಿ.ಸಿ.ಎಚ್. ಮಾಡಿದವಳು, ರಾಂಪುರದ ಕಡೆಯ ಹಳ್ಳಿಯೊಂದರ ಶಾಲೆಯಲ್ಲಿ ಕನ್ನಡ ಕಲಿಸುವ ಟೀಚರು. ಮಾತಿನಲ್ಲಿ ನನ್ನನ್ನು ಯಾರು ಕೆಡವುತ್ತಾರೆ ಎಂಬ ಗತ್ತು ಬೇರೆ.

ಮದುವೆಯಾದ ಮೂರನೆಯ ದಿನ ಗಡಿಬಿಡಿಯಲ್ಲಿ ಒಲೆಯ ಮೇಲಿನ ಪಾತ್ರೆ ಇಳಿಸುತ್ತಿದ್ದೆ. ಅತ್ತೆ ನೋಡಿ, "ಎಂದುಕಮ್ಮಾ ಅಂತ ತೊಂದರ?" ಎಂದರು. "ನನಗೇನೂ ತೊಂದರೆ ಇಲ್ರಿ ಅತ್ತೆ, ಆರಾಮಾಗಿದೀನಿ" ಎಂದೆ. ಅವರು ಕೇಳಿದ್ದು ಯಾಕಿಷ್ಟು ಅವಸರ ಎಂದು. ಮರುದಿನ ಬೆಳಗ್ಗೆ ಬಾಗಿಲಲ್ಲಿ ಯಾರೋ "ಪಾಲೂ" ಎಂದು ಕೂಗಿದರು. ನಾನು ಒಳಗೆ ಓಡಿ, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ರೇಷ್ಮೆ ಸೀರೆ ನೇಯುತ್ತಿದ್ದ ಗಂಡನ ಕಿವಿಯಲ್ಲಿ, "ಯಾರೋ ಪಾಲು ಕೇಳ್ಕೊಂಡು ಬಂದವ್ರೆ, ದಾಯಾದಿಗಳೇನೋ ನೋಡ್ರಿ" ಎಂದೆ. ಬಂದಿದ್ದವಳು ಹಾಲು ಮಾರುವ ಹೆಂಗಸು. ಅತ್ತೆ ಪಕ್ಕದ ಮನೆಯವಳನ್ನು "ಒಕ ಮಾಟ ಚೆಪ್ತಾ ರಾ" ಎಂದು ಪಿಸುದನಿಯಲ್ಲಿ ಕರೆದಾಗಲಂತೂ, ಮಾಟ ಮಂತ್ರದ ಮನೆಗೆ ಬಂದು ಬಿದ್ದೆನಲ್ಲಪ್ಪ ಎಂದುಕೊಂಡೆ. ಅವರು ಹೇಳಹೊರಟಿದ್ದು ಬರೀ ಒಂದು ಮಾತು. ಅದೂ ನನ್ನ ಹಾಲಿನ ಕಥೆಯೇ.

ಇದನ್ನು ಕೇಳಿದವರೆಲ್ಲ ನಗುತ್ತಾರೆ. ನಗಲಿ, ನಗುವಂಥದ್ದೇ. ಆದರೆ ಅದೇ ನಗೆಯನ್ನು ವರ್ಷಗಟ್ಟಲೆ ಉಣ್ಣುವವರಿಗೆ ಗೊತ್ತು ಅದರ ರುಚಿ. ಮದುವೆಗೆ ಹೋದರೆ ಅದೇ ಕಥೆ, ತೊಟ್ಟಿಲು ಶಾಸ್ತ್ರಕ್ಕೆ ಹೋದರೆ ಅದೇ ಕಥೆ. ಹಾಲಿನ ಲೋಟ ಕೈಗೆ ಕೊಡುವಾಗ "ತಗೋ ಟೀಚರಮ್ಮ, ನಿನ್ನ ಪಾಲು" ಎನ್ನದ ನೆಂಟರೇ ಇಲ್ಲ. ಗಂಡನಾದವನು ಒಂದು ಸಲವಾದರೂ ತಡೆಯಬೇಕೋ ಬೇಡವೋ? ಅವನು ಎಲ್ಲರಿಗಿಂತ ಮೊದಲು ನಗುತ್ತಿದ್ದ. ನಾನು ಮುಖ ಊದಿಸಿಕೊಂಡರೆ "ಒಂದು ತಮಾಷೆನೂ ತಡ್ಕೊಳ್ಳಲ್ಲ" ಎಂಬ ಬಿರುದು ಬೇರೆ ಸಿಕ್ಕಿತು. ಆರು ತಿಂಗಳಲ್ಲಿ ನಾನು ತೆಲುಗನ್ನು ಅವರಷ್ಟೇ ಸಲೀಸಾಗಿ ಆಡಲು ಕಲಿತೆ. ಅದನ್ನು ಮಾತ್ರ ಯಾರೂ ಕಥೆ ಮಾಡಿ ಹೇಳಲಿಲ್ಲ.

ಇವೆಲ್ಲ ಹೋಗಲಿ ಎನ್ನಬಹುದು. ಒಂದು ಪದದ ವಿಷಯದಲ್ಲಿ ಮಾತ್ರ ನನಗೆ ನಗು ಅವತ್ತೂ ಬರಲಿಲ್ಲ. ನಮ್ಮಲ್ಲಿ ಅವ್ವ ಎಂದರೆ ಹೆತ್ತವಳು. ಆ ಮನೆಯಲ್ಲಿ ಹೆತ್ತವಳು ಅಮ್ಮ. ಅವ್ವ ಎಂದರೆ ಅಜ್ಜಿ. ನಾನು ಬಸುರಿಯಾದಾಗ ಹುಳಿಮಾವಿನ ಬಯಕೆ ಆಗಲಿಲ್ಲ, ಹುರಿಗಡಲೆಯ ಬಯಕೆ ಆಗಲಿಲ್ಲ. ಹುಟ್ಟುವುದು ಗಂಡಾದರೂ ಹೆಣ್ಣಾದರೂ ನನ್ನನ್ನು ಅವ್ವ ಎಂದು ಕರೆಯಬೇಕು, ಅದೊಂದೇ. ಅಮ್ಮ ಎಂದು ನನ್ನನ್ನು ಎಲ್ಲರೂ ಕರೆಯುತ್ತಿದ್ದರು. ಬಸ್ಸಿನ ಕಂಡಕ್ಟರು "ಮುಂದೆ ನಡೀರಮ್ಮ" ಎನ್ನುತ್ತಿದ್ದ, ತರಕಾರಿಯವಳು "ಬದನೆಕಾಯಿ ಹಾಕ್ಲೇನಮ್ಮ" ಎನ್ನುತ್ತಿದ್ದಳು. ಅವ್ವ ಎಂದು ಕರೆದರೆ ಮಾತ್ರ ನನಗೆ ಎಣ್ಣೆ ಗಿರಣಿಯ ಹಿಂದಿನ ನಮ್ಮ ಮನೆ, ಹಿಂಡಿಯ ವಾಸನೆ ಹೊತ್ತ ಗಾಳಿ, ಶಾಲೆಯಿಂದ ಬರುತ್ತಲೇ ಹೊಸ್ತಿಲ ಹೊರಗಿನಿಂದ ನಾನು ಕೂಗುತ್ತಿದ್ದ ಕೂಗು ಎಲ್ಲ ನೆನಪಾಗುತ್ತಿತ್ತು. ನಮ್ಮವ್ವ ಹಿತ್ತಲಲ್ಲಿರಲಿ, ಅಟ್ಟದ ಮೇಲಿರಲಿ, "ಓ" ಎನ್ನುತ್ತಿದ್ದಳು. ಆ "ಓ" ಕೇಳಿದ ಮೇಲೆಯೇ ನಾನು ಚಪ್ಪಲಿ ಬಿಡುತ್ತಿದ್ದುದು. ಅದನ್ನು ನನ್ನ ಮಗುವಿಗೂ ಕೊಡಬೇಕು ಎನ್ನುವುದು ದೊಡ್ಡ ಆಸೆ ಎಂದು ನನಗೆ ಅನ್ನಿಸಿರಲಿಲ್ಲ.

ಮಗಳು ಹುಟ್ಟಿದಳು. ಹೆಸರು ನಾನು ಆರಿಸಿಟ್ಟಿದ್ದೆ. ತೊಟ್ಟಿಲಿಗೆ ಹಾಕುವ ದಿನ ಬೆಳಗ್ಗೆ ಅತ್ತೆ, "ಆಯಮ್ಮನ ಹೆಸರೇ ಇಡಬೇಕು. ಆಯಮ್ಮನೇ ತಿರುಗಿ ಬಂದವ್ಳೆ. ಮೂಗು ನೋಡು" ಎಂದುಬಿಟ್ಟರು. ಆಯಮ್ಮ ಎಂದರೆ ಅತ್ತೆಯ ಅತ್ತೆ, ನನ್ನ ಗಂಡನ ಅಜ್ಜಿ. ಅವರು ಸತ್ತು ಎಷ್ಟೋ ವರ್ಷವಾಗಿತ್ತು, ನಾನು ಅವರ ಮುಖ ಕಂಡವಳಲ್ಲ. ಹೆಸರೇನು ಎಂದು ಕೇಳಿದರೆ ಅತ್ತೆ ಹೇಳಲಿಲ್ಲ. ಹೇಳುವ ಹಾಗಿರಲಿಲ್ಲ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡಬಾರದು, ಸತ್ತ ಮೇಲೂ ಆಡಬಾರದು ಎನ್ನುವುದು ಅವರು ಹಿಡಿದುಕೊಂಡು ಬಂದ ರೀತಿ. ಆ ಹೆಸರಿನ ಬಸ್ಸೊಂದು ಬಳ್ಳಾರಿ ಕಡೆಗೆ ಓಡುತ್ತಿತ್ತು; ಅತ್ತೆ ಅದನ್ನು ಯಾವತ್ತೂ "ಹಸಿರು ಬಸ್ಸು" ಎಂದೇ ಕರೆದವರು. ಮಾಲೀಕ ಅದಕ್ಕೆ ಕೆಂಪು ಬಣ್ಣ ಹೊಡೆಸಿದ ಮೇಲೂ ಹಸಿರು ಬಸ್ಸೇ. ತೊಟ್ಟಿಲ ಶಾಸ್ತ್ರದಲ್ಲಿ ನಾದಿನಿ ಮಗುವಿನ ಕಿವಿಯಲ್ಲಿ ಹೆಸರು ಹೇಳುವಾಗ ಅತ್ತೆ ತಲೆಯ ಮೇಲೆ ಸೆರಗು ಎಳೆದುಕೊಂಡು ನೆಲ ನೋಡುತ್ತ ಕುಳಿತಿದ್ದರು. ಆ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ. ಅವರ ಜೊತೆ ಜಗಳವಾಡಿದ್ದು ಸಾಕು.

ನಾನು ಆರಿಸಿದ ಹೆಸರು ಹೋಯಿತು, ಹೋಗಲಿ ಎಂದುಕೊಂಡೆ. ಆಮೇಲೆ ಶುರುವಾಯಿತು ನಿಜವಾದ ಫಜೀತಿ. ಇಟ್ಟ ಹೆಸರನ್ನು ಅತ್ತೆಯೂ ಆಡುವಂತಿಲ್ಲ, ಅವರ ಮುಂದೆ ಯಾರೂ ಆಡುವಂತಿಲ್ಲ ಎಂದ ಮೇಲೆ ಮಗುವನ್ನು ಏನೆಂದು ಕರೆಯುವುದು? ಆಯಮ್ಮ ಬದುಕಿದ್ದಾಗ ಮನೆಯ ಮಕ್ಕಳೆಲ್ಲ ಅವರನ್ನು ಅವ್ವ ಎನ್ನುತ್ತಿದ್ದರು. ಆದ್ದರಿಂದ ಅತ್ತೆ ತೊಟ್ಟಿಲಿಗೆ ಬಗ್ಗಿ, ಎಲ್ಲ ಹಲ್ಲು ತೋರಿಸಿ, "ಏಮವ್ವಾ! ಇಟ್ಲ ಚೂಡವ್ವಾ!" ಎಂದರು, ಏನವ್ವಾ, ಇತ್ತ ನೋಡವ್ವಾ ಎಂದು. ಹಸುಗೂಸು ಅವ್ವ ಆಯಿತು. ಹಾಲು ಕುಡಿಯುವ ಅವ್ವ, ಲಂಗೋಟಿ ಒದ್ದೆ ಮಾಡುವ ಅವ್ವ. ಮಗಳಿಗೆ ಮಾತು ಬಂದಾಗ ಅವಳೂ ಅಜ್ಜಿಯನ್ನು ಅವ್ವ ಎಂದಳು, ಆ ಮನೆಯ ಮಾತೇ ಅದು. ಅಜ್ಜಿ ಮೊಮ್ಮಗಳನ್ನು ಅವ್ವಾ ಎನ್ನುವುದು, ಮೊಮ್ಮಗಳು ಅಜ್ಜಿಯನ್ನು ಅವ್ವಾ ಎನ್ನುವುದು, ಬೆಳಗ್ಗೆ ಎದ್ದಾಗಿನಿಂದ ಆ ಒಂದು ಪದ ಚೆಂಡಿನ ಹಾಗೆ ಆ ಇಬ್ಬರ ನಡುವೆ ಓಡಾಡುವುದು. ನಡುವೆ ನಿಂತ ನಾನು ಅಮ್ಮ. ಎತ್ತು ಏರಿಗೆ, ಕೋಣ ನೀರಿಗೆ ಎನ್ನುತ್ತಾರೆ. ಇಲ್ಲಿ ಎತ್ತೂ ಕೋಣವೂ ಸೇರಿ ನನ್ನೊಬ್ಬಳ ಪದವನ್ನು ಎಳೆದುಕೊಂಡು ಹೋಗಿದ್ದವು.

ನಾನು ಸುಮ್ಮನಿರಲಿಲ್ಲ. ಗಂಡನನ್ನು ಹಿಡಿದು ಕೇಳಿದೆ. ಅವನು ಮಗ್ಗದ ಲಾಳಿ ನಿಲ್ಲಿಸದೆ, "ಅಮ್ಮ ಅಂದ್ರೇನು, ಅವ್ವ ಅಂದ್ರೇನು, ಎರಡೂ ಒಂದೇ ಅಲ್ವೇನೇ?" ಎಂದ.

"ಒಂದೇ ಆದ್ರೆ ಅತ್ತೇನ ಅಮ್ಮ ಅನ್ನಿಸ್ರಿ, ನನ್ನ ಅವ್ವ ಅನ್ನಿಸ್ರಿ" ಎಂದೆ.

"ಅದೆಂಗಾಗತ್ತೆ!" ಎಂದು ಅವನು ನಿಜವಾಗಿಯೂ ಆಶ್ಚರ್ಯಪಟ್ಟ. ನನಗೆ ಮೈ ಪರಚಿಕೊಳ್ಳುವಂತಾಯಿತು. ಎರಡೂ ಒಂದೇ ಎನ್ನುವವರು ತಮ್ಮದನ್ನು ಮಾತ್ರ ಯಾವತ್ತೂ ಬಿಟ್ಟುಕೊಡುವುದಿಲ್ಲ.

ಶಾಲೆಯಲ್ಲೂ ಇದು ನನ್ನನ್ನು ಬಿಡಲಿಲ್ಲ. ಒಂದು ದಿನ ಬೋರ್ಡಿನ ಮೇಲೆ ಅವ್ವ ಅಡುಗೆ ಮಾಡಿದಳು, ಅವ್ವ ಉಣ್ಣಲು ಕೊಟ್ಟಳು ಎಂದು ಬರೆದು ಮಕ್ಕಳಿಂದ ಓದಿಸುತ್ತಿದ್ದೆ. ಮನೆಯಲ್ಲಿ ತೆಲುಗು ಮಾತಾಡುವ ಮಕ್ಕಳೇ ಅಲ್ಲಿ ಹೆಚ್ಚು. ಮುಂದಿನ ಸಾಲಿನ ಹುಡುಗಿ ಎಲ್ಲ ಓದಿ ಮುಗಿಸಿ, ಬಹಳ ಕನಿಕರದಿಂದ, "ಅವರಮ್ಮ ಎಲ್ಲಿಗೆ ಹೋಗವ್ಳೆ ಟೀಚರ್?" ಎಂದು ಕೇಳಿದಳು. ಅವಳ ತಿಳಿವಳಿಕೆಯಲ್ಲಿ ಅಡುಗೆ ಮಾಡಿದ್ದು ಅಜ್ಜಿ, ಪಾಪ, ತಾಯಿ ಮನೆಯಲ್ಲಿಲ್ಲ. ಅವ್ವ ಅಂದರೇ ತಾಯಿ ಎಂದು ನಾನು ತಿದ್ದಿದೆ. ಅವಳು ತಲೆಯಾಡಿಸಿದಳು, ನಂಬಲಿಲ್ಲ. ಊರ ಮಕ್ಕಳಿಗೆಲ್ಲ ಈ ಪದ ತಿದ್ದುವ ನನ್ನ ಮನೆಯಲ್ಲೇ ಅದು ತಿದ್ದದೆ ಬಿದ್ದಿತ್ತು. ನಾನು ಬೆಳಗ್ಗೆ ರಾಂಪುರದ ಬಸ್ಸು ಹತ್ತಿದರೆ ಸಂಜೆಯೇ ಬರುವುದು. ಅಷ್ಟೂ ಹೊತ್ತು ಮಗಳು ಅತ್ತೆಯ ಮಗ್ಗುಲಲ್ಲಿ. ಅವರು ರಾಟೆ ತಿರುಗಿಸುತ್ತ, ಲಾಳಿಗೆ ಹಾಕುವ ಕಂಡಿಕೆಗೆ ರೇಷ್ಮೆ ನೂಲು ಸುತ್ತುತ್ತ, ಒಂದು ಕಾಲಲ್ಲಿ ತೊಟ್ಟಿಲು ತೂಗುತ್ತ ಅವಳಿಗೆ ಮಾತು ಕಲಿಸಿದರು. ನಾನು ದಣಿದು ಬಂದು ಸಂಜೆ ಕಲಿಸುವುದು ಎಲ್ಲಿ ನಿಲ್ಲಬೇಕು?

ಚಳ್ಳಕೆರೆಗೆ ಹೋಗುವಾಗ ಬಸ್ಸಿನಲ್ಲಿ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕದ್ದು ಪಾಠ ಮಾಡುತ್ತಿದ್ದೆ. ನನ್ನ ಎದೆಯ ಮೇಲೆ ಅವಳ ಬೆರಳು ಇಟ್ಟು, "ಅವ್ವ ಅನ್ನು" ಎನ್ನುತ್ತಿದ್ದೆ. ಅವಳು ಬೆರಳು ಎಳೆದುಕೊಂಡು, "ಅವ್ವ ಊರಾಗೈತೆ" ಎಂದು ನನಗೇ ಬುದ್ಧಿ ಹೇಳುತ್ತಿದ್ದಳು. ಚಳ್ಳಕೆರೆಯಲ್ಲಿ ಇಳಿದು ಮನೆ ಮುಟ್ಟಿದ ಮೇಲೆ ನಮ್ಮವ್ವನನ್ನೂ ಅವ್ವಾ ಎನ್ನುವಳು. ತಾಯಿಯ ತಾಯಿಯೂ ಅಜ್ಜಿಯೇ ತಾನೇ? ನಮ್ಮವ್ವನಿಗೆ ಅದರಿಂದ ಎಷ್ಟು ಖುಷಿ ಎಂದರೆ ನನ್ನ ಹೊಟ್ಟೆಯುರಿ ಅವಳಿಗೆ ಕಾಣಲೇ ಇಲ್ಲ. "ನೋಡೇ, ನನಗೆ ಇನ್ನೊಬ್ಳು ಮಗಳು ಹುಟ್ಟವ್ಳೆ" ಎಂದು ಅವಳನ್ನು ಸೊಂಟದ ಮೇಲೆ ಹೊತ್ತು ತಿರುಗಿದ್ದೇ ತಿರುಗಿದ್ದು. ಆ ಮನೆಯಲ್ಲಿ ನಾನು ಒಲೆಯ ಮುಂದಿನಿಂದ "ಅವ್ವಾ" ಎಂದು ಕೂಗಿದರೆ ಹಿತ್ತಲಿನಿಂದ ಎರಡು "ಓ" ಬರುತ್ತಿದ್ದವು, ಒಂದು ನಮ್ಮವ್ವನದು, ಒಂದು ಆ ಮೂರಡಿ ಅವ್ವನದು. ನಮ್ಮವ್ವ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

"ನಿನ್ನನ್ನಲ್ಲ ಕಣೇ ಕರೆದಿದ್ದು" ಎಂದು ನಾನು ಮಗಳನ್ನು ಗದರುತ್ತಿದ್ದೆ. ನಾನಾಗಿ ಅವಳನ್ನು ಒಂದು ಸಲವೂ ಅವ್ವ ಎಂದು ಕರೆಯಲಿಲ್ಲ. ಪುಟ್ಟಿ ಎನ್ನುತ್ತಿದ್ದೆ. ನಮ್ಮ ಕಡೆಯೂ ಹೆಣ್ಣುಮಕ್ಕಳನ್ನು ಮುದ್ದಿಗೆ ಅವ್ವ ಎನ್ನುವುದುಂಟು, ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನನ್ನ ಬಾಯಲ್ಲಿ ಆ ಪದ ಚಳ್ಳಕೆರೆಯ ಒಬ್ಬಳಿಗೇ ಮೀಸಲು. ಬೇರೆಯವರು ಅದನ್ನು ಯಾರು ಯಾರಿಗೋ ಹಂಚಲಿ, ನಾನು ಹಂಚುವುದಿಲ್ಲ ಎಂಬ ಹಟ.

ಮಗಳಿಗೆ ನಾಲ್ಕು ತುಂಬುವ ಹೊತ್ತಿಗೆ ಅತ್ತೆಗೂ ನನಗೂ ಬಾಯಿ ಬಿಟ್ಟು ಜಗಳವಾಯಿತು. ಭಾನುವಾರ. ನಾನು ಬಟ್ಟೆ ಒಗೆಯುತ್ತಿದ್ದೆ. ಮಗಳು ಅಂಗಳದ ಚಪ್ಪಡಿಯ ಮೇಲೆ ಓಡುತ್ತ ಮುಗ್ಗರಿಸಿ ಬಿದ್ದಳು. ಗದ್ದ ಒಡೆದು ರಕ್ತ ಬಂತು. "ಅವ್ವಾ!" ಎಂದು ಕಿರುಚಿದಳು. ಆ ಕೂಗಿಗೆ ನನ್ನ ಮೈಯೆಲ್ಲ ಕಿವಿಯಾಯಿತು. ಸೋಪಿನ ಕೈಯಲ್ಲೇ ಓಡಿದೆ, ತೋಳು ಚಾಚಿ ಕುಕ್ಕರಗಾಲಲ್ಲಿ ಕೂತೆ. ಅವಳು ಅಳುತ್ತ ಎದ್ದು ಬಂದಳು, ನನ್ನ ತೋಳಿನ ಪಕ್ಕದಲ್ಲೇ ಹಾದು ಬಾಗಿಲಲ್ಲಿ ನಿಂತಿದ್ದ ಅತ್ತೆಯ ಮಡಿಲಿಗೆ ಬಿದ್ದಳು. ಅವಳು ಕರೆದಿದ್ದು ಅವರನ್ನೇ. ನಾನು ಚಾಚಿದ ತೋಳನ್ನು ಏನು ಮಾಡಬೇಕೆಂದು ತಿಳಿಯದೆ, ಕೆಳಗೆ ಬಿದ್ದಿದ್ದ ಅವಳ ಚಪ್ಪಲಿಯನ್ನು ಎತ್ತಿಕೊಂಡೆ.

ಗಾಯಕ್ಕೆ ಅರಿಶಿನ ಹಚ್ಚಿ ಆದ ಮೇಲೆ ನಾನು ತಡೆಯಲಾರದೆ ಮಗಳನ್ನೇ ಬೈದೆ, ಆ ನಿಷಿದ್ಧ ಹೆಸರು ಹಿಡಿದು ಬೈದೆ. "ಕಣ್ಣು ನೆತ್ತಿ ಮೇಲೈತಾ ನಿಂಗೆ?" ಎಂದೆ. ಅತ್ತೆ ಎರಡೂ ಕಿವಿ ಮುಚ್ಚಿಕೊಂಡು, "ಮಾ ಅತ್ತನಿ ತಿಡ್ತಾ ಉಂದೇ!" ಎಂದು ಬೀದಿಗೆ ಕೇಳುವಂತೆ ಕೂಗಿದರು. ತನ್ನ ಅತ್ತೆಯನ್ನು ನಾನು ಬೈಯುತ್ತಿದ್ದೇನೆ ಎಂದು.

"ನಿಮ್ಮತ್ತೇನ ಬೈದಿಲ್ರಿ, ನನ್ನ ಮಗಳನ್ನ ಬೈದೀನಿ! ನನ್ನ ಮಗಳು! ಅವಳು ನನ್ನನ್ನ ಅವ್ವ ಅನ್ನಬೇಕಿತ್ತು, ನಿಮ್ಮನ್ನಲ್ಲ" ಎಂದು ನಾನೂ ಕೂಗಿದೆ.

ಅತ್ತೆ ಕಿವಿಯಿಂದ ಕೈ ತೆಗೆದರು. ಆಮೇಲೆ ಕನ್ನಡದಲ್ಲಿ, ನನಗೆ ಒಂದಕ್ಷರವೂ ತಪ್ಪಿ ಹೋಗಬಾರದು ಎನ್ನುವಂತೆ ನಿಧಾನವಾಗಿ ಹೇಳಿದರು: "ನೋಡಮ್ಮ, ನಾನೇನು ಕಿತ್ಕೊಂಡಿಲ್ಲ. ನಮ್ಮನ್ಯಾಗೆ ಮಾತೇ ಅಂಗೈತೆ. ನಾನು ಈ ಮನೆಗೆ ಬಂದಾಗ ಯಜಮಾನ್ಕೆ ಎಲ್ಲಾ ಆಯಮ್ಮಂದೇ. ಮಕ್ಕಳು ಹಸಿವಾದ್ರೆ ಅವ್ವಾ ಅಂತ ಆಯಮ್ಮನ ತಾವ ಹೋಗಾವು, ಬಿದ್ರೆ ಆಯಮ್ಮನ ತಾವ ಹೋಗಾವು. ನನ್ನ ಮಕ್ಕಳೇ. ನಾನು ಅಮ್ಮ ಅನ್ನಿಸ್ಕೊಂಡು ರಾಟೆ ಮುಂದೆ ಕುಂತಿದ್ದೆ. ನನಗೂ ಒಂದಿನ ಬರತ್ತೆ ಅಂತ ಕಾದೆ. ಈಗ ಬಂದೈತೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ. ನೀನೂ ಕಾಯಿ."

ಅದು ನನಗೆ ಇನ್ನೂ ಸಿಟ್ಟು ತರಿಸಿತು. ಕೆಟ್ಟವರ ಜೊತೆ ಜಗಳ ಸುಲಭ. ತಮ್ಮ ಮಾತಿನಲ್ಲಿ ತಾವು ಸರಿಯಾಗಿರುವವರ ಜೊತೆ ಏನೆಂದು ಜಗಳವಾಡುವುದು? ಅವರ ಅವ್ವ ಬೇರೆ, ನನ್ನ ಅವ್ವ ಬೇರೆ, ಬಾಯಿಂದ ಹೊರಗೆ ಬರುವ ಸದ್ದು ಮಾತ್ರ ಒಂದೇ. ಆ ಸದ್ದು ಬೇರೆಯಾಗಿದ್ದರೆ ಅವರದನ್ನು ಅವರು ಇಟ್ಟುಕೊಂಡು ನನ್ನದನ್ನು ನನಗೆ ಬಿಡುತ್ತಿದ್ದರೇನೋ. ನಾನು ಕಾಯುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡು ಬಟ್ಟೆ ಒಣಗಿಹಾಕಲು ಹೋದೆ.

ಮರು ವರ್ಷ, ಮಗಳನ್ನು ಇನ್ನೂ ಶಾಲೆಗೆ ಸೇರಿಸಿರಲಿಲ್ಲ, ಒಂದು ಬೆಳಗ್ಗೆ ಎದುರು ಮನೆಯ ಫೋನಿಗೆ ಚಳ್ಳಕೆರೆಯಿಂದ ಅಣ್ಣನ ಕರೆ ಬಂತು. ನಮ್ಮವ್ವ ನೀರು ಸೇದುತ್ತ ಕುಸಿದವಳು ಏಳಲಿಲ್ಲ. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಗಂಡನ ಜೊತೆ ಹೊರಟೆ. ಬಸ್ಸು ತಳಕು ದಾಟುವವರೆಗೂ ನನಗೆ ಅಳು ಬರಲಿಲ್ಲ, ಬೇರೆ ಯಾರದೋ ಸುದ್ದಿ ನಂಬರು ತಪ್ಪಿ ನಮಗೆ ಬಂದಿದೆ ಎನ್ನುವಂತಿತ್ತು. ಮನೆಯ ಮುಂದೆ ಜನ ನಿಂತಿದ್ದರು. ನಾನು ಹೊಸ್ತಿಲ ಹೊರಗೆ ನಿಂತು, ಚಪ್ಪಲಿ ಬಿಡದೆ, ಅಭ್ಯಾಸಬಲದಿಂದ "ಅವ್ವಾ" ಎಂದು ಕರೆದೆ. ಒಳಗಿದ್ದ ಹೆಂಗಸರೆಲ್ಲ ಜೋರಾಗಿ ಅತ್ತರು. "ಓ" ಎನ್ನಬೇಕಾದವಳು ಅನ್ನಲಿಲ್ಲ. ಗೋಡೆಯಾಚೆಯ ಮೆಕ್ಯಾನಿಕ್ಕರ ಹೆಂಡತಿ ಬಂದು ನನ್ನ ಕಾಲಿನಿಂದ ಚಪ್ಪಲಿ ತೆಗೆದು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದರು.

ಕಾರ್ಯವೆಲ್ಲ ಮುಗಿಸಿ ಮೊಳಕಾಲ್ಮೂರಿಗೆ ಮರಳಿದೆ. ಮನೆ ಹಾಗೇ ಇತ್ತು. ಮಗ್ಗದ ಸದ್ದು, ರಾಟೆಯ ಸದ್ದು. ಎಲ್ಲಕ್ಕಿಂತ ಹೆಚ್ಚಾಗಿ ನನಗೆ ಹೆದರಿಕೆಯಿದ್ದುದು ಆ ಪದದ ಬಗ್ಗೆ. ಇನ್ನು ಈ ಮನೆಯಲ್ಲಿ ದಿನಕ್ಕೆ ನೂರು ಸಲ ಅವ್ವಾ, ಅವ್ವಾ ಎಂದು ಕೇಳುತ್ತ ಹೇಗೆ ಬದುಕಲಿ ಎಂದು. ಆದರೆ ಸಂಜೆಯವರೆಗೂ ಅತ್ತೆಯ ಬಾಯಿಂದ ಆ ಪದ ಬರಲಿಲ್ಲ. ಮಗಳನ್ನು "ಏ ಪಿಲ್ಲಾ" ಎಂದರು, "ಇವಳೇ" ಎಂದರು, ಒಮ್ಮೆ ಬರೀ ಚಪ್ಪಾಳೆ ತಟ್ಟಿ ಕರೆದರು. ಮಗಳಿಗೆ ಕಸಿವಿಸಿ. ಅವಳು ಅಜ್ಜಿಯನ್ನು ಅವ್ವಾ ಎನ್ನಲು ಹೋದರೆ ಅವರು ತುಟಿಯ ಮೇಲೆ ಬೆರಳಿಟ್ಟು ನನ್ನ ಕಡೆ ಕಣ್ಣು ತೋರಿಸುತ್ತಿದ್ದರು. ನಾನು ನೋಡದವಳಂತೆ ಇದ್ದೆ. ಕನಿಕರವನ್ನು ಹೇಗೆ ಇಸಿದುಕೊಳ್ಳಬೇಕೆಂದು ನನಗೆ ಯಾವತ್ತೂ ತಿಳಿದಿಲ್ಲ.

ಮರುದಿನ ಬೆಳಗ್ಗೆ ನಾನು ನಡುಮನೆಯ ಕಂಬಕ್ಕೆ ಒರಗಿ ಬಾಚಣಿಗೆ ಹಿಡಿದು ಕೂತಿದ್ದೆ. ಮಗಳಿಗೆ ಜಡೆ ಹಾಕಬೇಕಿತ್ತು. ಅವಳು ಬೀದಿ ಬಾಗಿಲಲ್ಲಿ ಬೆಕ್ಕಿನ ಜೊತೆ ಆಡುತ್ತಿದ್ದಳು. ಕರೆಯಲು ನನಗೆ ಬಾಯಿ ಬರಲಿಲ್ಲ. ಅತ್ತೆ ಅದನ್ನು ರಾಟೆಯ ಹಿಂದಿನಿಂದ ನೋಡುತ್ತಿದ್ದರು. ರಾಟೆ ನಿಲ್ಲಿಸಿದರು. ತಲೆಯ ಮೇಲೆ ಸೆರಗು ಎಳೆದುಕೊಂಡರು. ಎರಡೂ ಕೆನ್ನೆಗೆ ಪಟಪಟನೆ ಬಡಿದುಕೊಂಡು, ಗೋಡೆಯ ಮೇಲಿದ್ದ ಆಯಮ್ಮನ ಫೋಟೋಕ್ಕೆ ಕೈ ಮುಗಿದು, ಬಾಗಿಲ ಕಡೆ ತಿರುಗಿ ಆ ಹೆಸರನ್ನು ಕರೆದರು. ಪೂರ್ತಿ ಹೆಸರನ್ನು, ಗಟ್ಟಿಯಾಗಿ. ಒಳಗೆ ಲಾಳಿ ನಿಂತಿತು. ನನ್ನ ಗಂಡ ಹುಟ್ಟಿದಾಗಿನಿಂದ ತನ್ನ ತಾಯಿಯ ಬಾಯಲ್ಲಿ ಆ ಹೆಸರು ಕೇಳಿದವನಲ್ಲ.

ಮಗಳು ಅಲ್ಲಾಡಲಿಲ್ಲ. ಅತ್ತೆ ಇನ್ನೊಮ್ಮೆ ಕರೆದರು. ಮಗಳು ಬೆಕ್ಕು ಬಿಟ್ಟು ಎದ್ದು, ಬೀದಿಯ ಕಡೆಗೆ ಇಣುಕಿ ನೋಡಿ, ಯಾರೋ ನೆಂಟರು ಬರುತ್ತಿದ್ದಾರೆ ಎಂದುಕೊಂಡು, "ಎವರವ್ವಾ?" ಎಂದಳು, ಯಾರವ್ವಾ ಎಂದು.

"ನಿನ್ನೇ ಕಣೇ ಕರ್ದಿದ್ದು" ಎಂದರು ಅತ್ತೆ. "ಇವತ್ತಿಂದ ಅದೇ ನಿನ್ನ ಹೆಸರು. ನೀನು ಅವ್ವ ಅಲ್ಲ, ನಾನೂ ಅವ್ವ ಅಲ್ಲ. ಅಗೋ, ಕಂಬದ ತಾವ ಕುಂತವ್ಳಲ್ಲ, ಅವ್ಳು ಅವ್ವ. ಕರಿ. ಅವ್ವ ಅಂತ ಕರಿ."

ಮಗಳು ನನ್ನನ್ನು ನೋಡಿದಳು, ಅತ್ತೆಯನ್ನು ನೋಡಿದಳು. ಅಜ್ಜಿ ಹೇಳಿದರೆ ಕೇಳುವ ಮಗು ಅದು. ಬಾಯಿ ತೆರೆದಳು. ನಾನು ಬಸ್ಸಿನಲ್ಲಿ ಕದ್ದು ಕದ್ದು ಕಲಿಸಿದ್ದು, ಗಂಡನ ಜೊತೆ ಕಾದಾಡಿದ್ದು, ಅತ್ತೆಯ ಮೇಲೆ ಕೂಗಾಡಿದ್ದು ಎಲ್ಲ ಈ ಒಂದು ಕರೆಗಾಗಿ. ಈಗ ಅದನ್ನು ತಟ್ಟೆಯಲ್ಲಿಟ್ಟು ಕೊಡುತ್ತಿದ್ದರು, ನನಗೆ ಬೇಡವಾಗಿತ್ತು. ಎಂಥ ಕರ್ಮ ಎಂದು ನನ್ನ ಮೇಲೇ ಸಿಟ್ಟು ಬಂತು. ನನ್ನನ್ನು ಯಾರಾದರೂ ಹಾಗೆ ಕರೆಯುವುದು ನನಗೆ ಬೇಕಾಗಿರಲಿಲ್ಲ. ನಾನೇ ಯಾರನ್ನಾದರೂ ಕರೆಯಬೇಕಾಗಿತ್ತು. ಆ ಹೊಸ್ತಿಲ ಹೊರಗೆ ನಿಂತು ಕೂಗಿದ ಮೇಲೆ ಆ ಪದ ನನ್ನ ಗಂಟಲಲ್ಲೇ ಸಿಕ್ಕಿಕೊಂಡಿತ್ತು, ಅದನ್ನು ತೆಗೆದುಕೊಳ್ಳುವವರು ಭೂಮಿಯ ಮೇಲೆ ಯಾರೂ ಇರಲಿಲ್ಲ.

"ಬಿಡ್ರಿ ಅತ್ತೆ, ಮಗೂನ ಯಾಕೆ ಗೋಳಾಡಿಸ್ತೀರಿ" ಎಂದೆ. ನನ್ನ ದನಿ ಎಂದಿನಂತೆ ಸಿಡುಕಾಗಿಯೇ ಇತ್ತು. ಬಾಚಣಿಗೆಯನ್ನು ಎತ್ತಿ ತೋರಿಸಿ ಮಗಳನ್ನು ಕರೆದೆ.

"ಅವ್ವಾ, ಬಾ ಇಲ್ಲಿ, ಜಡೆ ಹಾಕ್ತೀನಿ."

ಬಾಗಿಲ ಕಡೆಯಿಂದ ಮಗಳು "ಓ" ಎಂದಳು. ಅದೇ ಗಳಿಗೆಯಲ್ಲಿ ರಾಟೆಯ ಹಿಂದಿನಿಂದಲೂ "ಓ" ಎಂದು ಬಂತು, ಅಭ್ಯಾಸಬಲದಿಂದ. ಅತ್ತೆ ನಾಲಿಗೆ ಕಚ್ಚಿಕೊಂಡು ನನ್ನ ಕಡೆ ನೋಡಿದರು.

ನಿಮ್ಮನ್ನಲ್ಲ ಕರೆದಿದ್ದು ಎಂದು ಹೇಳಬೇಕೆಂದುಕೊಂಡೆ. ಹೇಳಲಿಲ್ಲ.